ಕಡತದಿಂದ ನಾನು ತೆಗೆದ ಹನ್ನೊಂದು ಪುಟ

ಆ ಹನ್ನೊಂದು ಪುಟಗಳನ್ನು ಕಡತದಿಂದ ತೆಗೆದವಳು ನಾನೇ. ಅವು ಕಳೆದುಹೋಗಿರಲಿಲ್ಲ. ಗಂಗಾಧರಪ್ಪನವರು ಅವನ್ನು ಬರೆದೇ ಇರಲಿಲ್ಲ ಎಂದು ಕಾಲೇಜಿನಲ್ಲಿ ಎಲ್ಲರೂ ನಂಬಿದ್ದು ಸುಳ್ಳನ್ನು. ಅವರು ಬರೆದಿದ್ದರು, ನನ್ನ ಕೈಗೇ ಕೊಟ್ಟಿದ್ದರು, ನಾನು ಓದಿದ್ದೆ — ಪೂರ್ತಿ ಅಲ್ಲದಿದ್ದರೂ, ಅಪಾಯ ಎಲ್ಲಿದೆ ಎಂದು ತಿಳಿಯುವಷ್ಟು ಓದಿದ್ದೆ. ಆಮೇಲೆ ವಿಚಾರಣಾ ಸಮಿತಿಯ ಮುಂದೆ ಕೂತು, "ನನಗೆ ಯಾರೂ ತಿಳಿಸಿರಲಿಲ್ಲ" ಎಂದೆ. ಧ್ವನಿ ನಡುಗಲಿಲ್ಲ. ಅದನ್ನೂ ಇಲ್ಲಿ ಬರೆಯಬೇಕು — ಧ್ವನಿ ಒಂದಿಷ್ಟೂ ನಡುಗಲಿಲ್ಲ.

ನಾನು ಕುಶಾಲನಗರದ ಹೊರವಲಯದ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ನಮ್ಮಪ್ಪ ಅರಕಲಗೂಡಿನ ಕಡೆಯಿಂದ ಗುತ್ತಿಗೆ ಜಮೀನಿನಲ್ಲಿ ಶುಂಠಿ ಹಾಕಲು ಬಂದವರು ಇಲ್ಲೇ ನಿಂತರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಗಂಗಾಧರಪ್ಪನವರು ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್. ಮಾದಾಪುರದವರು, ನನಗಿಂತ ಹತ್ತು ವರ್ಷ ದೊಡ್ಡವರು, ಡಿಪ್ಲೊಮಾ ಓದಿದವರು. ಹುದ್ದೆಯಲ್ಲಿ ನಾನು ಮೇಲೆ. ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ನಾನು ಅವರ ಹೆಸರಿಗೆ "ನೋರೇ" ಸೇರಿಸಿ ಕರೆಯುತ್ತಿದ್ದೆ. ನಮ್ಮ ನಡುವಿನ ಮರ್ಯಾದೆ ಅಷ್ಟು ಸಲೀಸಾಗಿತ್ತು.

ಆ ವರ್ಷ ಹುದಿಕೇರಿ ಹತ್ತಿರದ ಕಾಫಿ ತೋಟವೊಂದರ ಡ್ರೈಯರ್‌ಗೆ ನಿಯಂತ್ರಕ ಮಾಡಿಕೊಡುವ ಯೋಜನೆ ನಮ್ಮ ವಿಭಾಗಕ್ಕೆ ಬಂತು. ಕಾಫಿ ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದರೆ ಕಣದಲ್ಲಿ ಬೀಜ ಒಣಗುವುದಿಲ್ಲ. ಅದಕ್ಕೇ ಗ್ಯಾಸಿನ ಉರಿ, ಮೇಲೆ ಗಾಳಿ ಊದುವ ಬ್ಲೋವರ್ ಇರುವ ಡ್ರೈಯರ್. ಬ್ಲೋವರ್ ಮೊದಲು ತಿರುಗಬೇಕು, ಆಮೇಲೆ ಉರಿ ಹತ್ತಬೇಕು, ಶಾಖ ಹೆಚ್ಚಿದರೆ ಉರಿ ಆರಬೇಕು. ಇಷ್ಟಕ್ಕೆ ಪೇಟೆಯಲ್ಲಿ ಸಿಗುವ ಸಣ್ಣ ನಿಯಂತ್ರಕವೇ ಸಾಕಿತ್ತು. ನನಗೆ ಸಾಲಲಿಲ್ಲ. ನಮ್ಮದೇ ವಿನ್ಯಾಸ ಬೇಕು, ನಾವೇ ಬರೆದ ಸರ್ಕ್ಯೂಟು ಚಿಪ್ಪಿನೊಳಗೆ ಕೂರಬೇಕು, ಕಾಲೇಜಿನ ಪ್ರದರ್ಶನದ ದಿನ ಹೊರಗಿನವರು ಬಂದು ನೋಡಬೇಕು... ಆ ಆಸೆಯಲ್ಲಿ ಶಾಖ ಮಿತಿಮೀರಿದರೆ ಗ್ಯಾಸನ್ನು ತಾನಾಗಿ ನಿಲ್ಲಿಸುತ್ತಿದ್ದ ಡ್ರೈಯರಿನ ಹಳೆಯ ಸ್ವಿಚ್ಚನ್ನೂ ನನ್ನ ನಿಯಂತ್ರಕದ ಪೆಟ್ಟಿಗೆಯ ಮೂಲಕವೇ ಹಾಯಿಸಿದೆ. ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ಇಂದು ಬರೆಯಲು ಏನೂ ಇರುತ್ತಿರಲಿಲ್ಲ.

ಈ ವಿದ್ಯೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಚಿಪ್ಪಿನೊಳಗಿನ ಸರ್ಕ್ಯೂಟನ್ನು ಈಗ ಯಾರೂ ಗೆರೆ ಎಳೆದು ಬರೆಯುವುದಿಲ್ಲ. ಅದಕ್ಕೊಂದು ಭಾಷೆಯಿದೆ, ಅದರಲ್ಲಿ ಬರೆಯುತ್ತೇವೆ. ಬರೆದದ್ದು ಸರಿಯಾಗಿ ನಡೆಯುತ್ತದೆಯೇ ಎಂದು ಮೊದಲು ಕಂಪ್ಯೂಟರಿನಲ್ಲೇ ಓಡಿಸಿ ನೋಡುವುದು ಸಿಮ್ಯುಲೇಟರ್. ನಾವು ಬಳಸುತ್ತಿದ್ದದ್ದು ವೆರಿಲೇಟರ್ ಎಂಬ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು. ನಾನು ಅದರಲ್ಲಿ ನಾಲ್ಕೈದು ಆಜ್ಞೆಗಳನ್ನು ಮಾತ್ರ ಬಲ್ಲೆ; ಪಾಠಕ್ಕೆ ಅಷ್ಟು ಸಾಕು. ಗಂಗಾಧರಪ್ಪನವರು ಅದರ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದರು.

ಕಂದು ರಟ್ಟಿನ ನೋಟ್‌ಬುಕ್ಕೊಂದರಲ್ಲಿ ಅವರು ಅದರ ಒಳಗುಟ್ಟುಗಳನ್ನು ಬರೆದಿಟ್ಟುಕೊಂಡಿದ್ದರು. ನಮ್ಮ ಪರೀಕ್ಷೆಗಳು ವಿನ್ಯಾಸದ ಯಾವ ಸಾಲನ್ನು ಮುಟ್ಟಿದವು, ಯಾವುದನ್ನು ಮುಟ್ಟಲೇ ಇಲ್ಲ ಎಂದು ಆ ಸಿಮ್ಯುಲೇಟರ್ ಲೆಕ್ಕ ಇಡುತ್ತದೆ. ಕೇಳಿದರೆ ನಮ್ಮ ಬರಹವನ್ನೇ ಮರಳಿ ಕೊಟ್ಟು, ಮುಟ್ಟದ ಸಾಲುಗಳ ಮುಂದೆ ಶೇಕಡಾ ಚಿಹ್ನೆ ಹಾಕುತ್ತದೆ. ಹತ್ತಾರು ಪರೀಕ್ಷೆಗಳಿದ್ದರೆ ಯಾವುದು ನಿಜಕ್ಕೂ ಹೊಸದನ್ನು ಪರೀಕ್ಷಿಸಿತು, ಯಾವುದು ಸುಮ್ಮನೆ ಹಳೆಯದನ್ನೇ ಸುತ್ತಿತು ಎಂದು ಸಾಲಾಗಿ ನಿಲ್ಲಿಸಿ ಹೇಳುತ್ತದೆ. ಓಟವನ್ನು ನಡುವೆ ನಿಲ್ಲಿಸಿ, ಆ ಸ್ಥಿತಿಯನ್ನು ಕಡತದಲ್ಲಿಟ್ಟು, ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಅವರು ಹೇಳಿದಾಗ "ಓ, ಹೌದಾ" ಎನ್ನುತ್ತಿದ್ದೆ — ಗೊತ್ತಿದ್ದವಳ ಹಾಗೆ.

ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಅವರು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದರು. ಕೈಯಲ್ಲಿ ಪಿನ್ ಹೊಡೆದ ಹಾಳೆಗಳು.

"ಮೇಡಂ, ಒಂಚೂರು ಇದ್ನ ನೋಡಿ. ನಮ್ದು ನೂರು ಸಲ ಓಡ್ಸಿದ್ರೆ ಮೂವತ್ತೇಳು ಸಲ ಸಿಕ್ಕಾಕ್ಕೊಳ್ತದೆ."

ನಾನು ನಕ್ಕೆ. ನಮ್ಮ ಪರೀಕ್ಷೆಗಳೆಲ್ಲ ಪಾಸಾಗಿದ್ದವು.

ಅವರು ತಾಳ್ಮೆಯಿಂದ ವಿವರಿಸಿದರು. ನಾವು ಏನೂ ಹೇಳದಿದ್ದರೆ ಆ ಸಿಮ್ಯುಲೇಟರ್ ಎಲ್ಲ ರಿಜಿಸ್ಟರುಗಳನ್ನೂ — ಚಿಪ್ಪಿನ ನೆನಪಿನ ಗೂಡುಗಳನ್ನು — ಸೊನ್ನೆಯಿಂದಲೇ ಶುರುಮಾಡುತ್ತದೆ. ಆದರೆ ಅದರಲ್ಲಿ ಹೆಚ್ಚಿನವರು ಗಮನಿಸದ ಒಂದು ಸೌಲಭ್ಯವಿದೆ. ಓಡಿಸುವಾಗ ಒಂದು ಸೂಚನೆ ಕೊಟ್ಟರೆ ಪ್ರತಿ ಗೂಡಿನಲ್ಲೂ ಮನಬಂದ ಬೆಲೆ ತುಂಬಿಕೊಂಡು ಏಳುತ್ತದೆ. ಜೊತೆಗೆ ಒಂದು ಸೀಡ್ ಸಂಖ್ಯೆ ಕೊಡಬಹುದು. ಅದೇ ಸಂಖ್ಯೆ ಕೊಟ್ಟರೆ ಅದೇ ಬೆಲೆಗಳು ಮತ್ತೆ ಬರುತ್ತವೆ, ಅದೇ ತಪ್ಪು ಮತ್ತೆ ಕಾಣುತ್ತದೆ. ಅವರು ನೂರು ಸೀಡ್ ಹಾಕಿ ನೋಡಿದ್ದರು.

ನನ್ನ ವಿನ್ಯಾಸದಲ್ಲಿ ಡ್ರೈಯರಿಗೆ ಐದು ಸ್ಥಿತಿಗಳಿದ್ದವು. ಅವನ್ನು ಮೂರು ಬಿಟ್‌ಗಳಲ್ಲಿ — ಸೊನ್ನೆ ಅಥವಾ ಒಂದು ಹಿಡಿಯುವ ಮೂರು ಗೂಡುಗಳಲ್ಲಿ — ಬರೆದಿದ್ದೆ. ಮೂರು ಬಿಟ್ ಎಂದರೆ ಎಂಟು ಕೋಣೆ. ಐದರಲ್ಲಿ ವಾಸ, ಮೂರು ಖಾಲಿ. ಖಾಲಿ ಕೋಣೆಗಳಿಂದ ಹೊರಗೆ ಬರಲು ನಾನು ಬಾಗಿಲೇ ಇಟ್ಟಿರಲಿಲ್ಲ — ಅಲ್ಲಿಗೆ ಯಾರು ಹೋಗುತ್ತಾರೆ ಎಂದುಕೊಂಡು. ಎಲ್ಲವನ್ನೂ ಮೊದಲ ಸ್ಥಿತಿಗೆ ತರುವ ರೀಸೆಟ್ಟಿನ ತಂತಿಯನ್ನೂ ಆ ಬಿಟ್‌ಗಳಿಗೆ ಕೊಟ್ಟಿರಲಿಲ್ಲ. ಉರಿಯ ಕವಾಟವನ್ನು ಮೊದಲ ಬಿಟ್ಟಿಗೆ ನೇರವಾಗಿ ಕಟ್ಟಿದ್ದೆ; ಮೂರು ಖಾಲಿ ಕೋಣೆಗಳಲ್ಲೂ ಆ ಬಿಟ್ಟು ‘ತೆರೆ’ ಎಂದೇ ಹೇಳುತ್ತಿತ್ತು. ಹಾಗಾಗಿ ಖಾಲಿ ಕೋಣೆಯಲ್ಲಿ ಯಂತ್ರ ಎದ್ದರೆ ಗ್ಯಾಸು ತೆರೆದೇ ಇರುತ್ತಿತ್ತು, ಬ್ಲೋವರ್ ತಿರುಗುತ್ತಿರಲಿಲ್ಲ, ಶಾಖ ಎಷ್ಟೇರಿದರೂ ಅದಕ್ಕೆ ಕೇಳಿಸುತ್ತಿರಲಿಲ್ಲ.

"ಚಿಪ್ಪು ಏಳೋದು ಸೊನ್ನೆಯಿಂದ್ಲೇ, ಗಂಗಾಧರಪ್ಪನೋರೇ," ಎಂದೆ. "ಇದೆಲ್ಲ ಸಿಮ್ಯುಲೇಟರಿನ ಆಟ."

"ಸರಿಯಾಗಿ ಆಫ್ ಆಗಿ ಆನ್ ಆದ್ರೆ ಸೊನ್ನೆ ಮೇಡಂ. ಕರೆಂಟು ಪಕ್ಕಂತ ಹೋಗಿ ಬಂದ್ರೆ? ಅರ್ಧಂಬರ್ಧ ಸತ್ತು ಎದ್ರೆ? ನಮ್ಮೂರ್ ಕರೆಂಟು ನಿಮ್ಗೆ ಗೊತ್ತಿಲ್ವಾ?"

ಗೊತ್ತಿತ್ತು. ತಿದ್ದುವುದಕ್ಕೆ ಎರಡು ಸಾಲು ಸಾಕು ಎಂದೂ ಗೊತ್ತಿತ್ತು. ಆದರೆ ತಿದ್ದಿದರೆ ಎಲ್ಲ ಪರೀಕ್ಷೆ ಮತ್ತೆ ಮಾಡಬೇಕು, ಪ್ರದರ್ಶನಕ್ಕೆಂದು ಮುದ್ರಿಸಿದ ಪುಸ್ತಿಕೆಯಲ್ಲಿ "ಸಂಪೂರ್ಣ ಪರೀಕ್ಷಿತ" ಎಂಬ ಮಾತಿತ್ತು, ಮತ್ತು — ಮತ್ತು ಅದನ್ನು ಕಂಡುಹಿಡಿದದ್ದು ನಾನಲ್ಲ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಕಂಡುಹಿಡಿದದ್ದು ನಾನಾಗಿದ್ದರೆ ಆ ಸಂಜೆಯೇ ತಿದ್ದುತ್ತಿದ್ದೆ.

"ಇಟ್ಟೋಗಿ. ಪ್ರದರ್ಶನ ಮುಗೀಲಿ, ಆಮೇಲೆ ನೋಡೋಣ."

ಅವರು ಹಾಳೆಗಳನ್ನು ಯೋಜನೆಯ ಕಡತದಲ್ಲಿ ಸೇರಿಸಿ, ಕಡತವನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಪ್ರದರ್ಶನ ಚೆನ್ನಾಗಿ ಆಯಿತು. ಆಮೇಲೆ ನಾನು ನೋಡಲಿಲ್ಲ.

ಪೆಟ್ಟಿಗೆ ತೋಟದ ಡ್ರೈಯರ್ ಶೆಡ್ಡಿನಲ್ಲಿ ಕೂತ ಮೂರನೇ ವಾರ ಮಳೆ ಬಂತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕರೆಂಟು ಎರಡು ಸಲ ಮಿಟುಕಿತಂತೆ. ಡ್ರೈಯರ್ ನೋಡಿಕೊಳ್ಳುತ್ತಿದ್ದವರು ಪಳನಿ, ತೋಟದ ಲೈನಿನ ಸಾಲುಮನೆಯಲ್ಲೇ ಸಂಸಾರ ಇದ್ದ ನಲವತ್ತರ ಕೆಲಸಗಾರ. ಬ್ಲೋವರಿನ ಸದ್ದು ನಿಂತದ್ದನ್ನು ಕೇಳಿ ಓಡಿ ಬಂದರು. ಉರಿ ಉರಿಯುತ್ತಲೇ ಇತ್ತು. ಪೆಟ್ಟಿಗೆಯ ಗುಂಡಿ ಒತ್ತಿದರು, ಆರಲಿಲ್ಲ. ಬೀಜ ಹೊಗೆಯಾಡತೊಡಗಿತು. ಅವರು ಕೈಯಾರೆ ಗ್ಯಾಸಿನ ವಾಲ್ವು ತಿರುಗಿಸಲು ಡ್ರೈಯರಿನ ಹಿಂದಕ್ಕೆ ಕೈ ಹಾಕಿದರು. ವಾಲ್ವು ಮುಚ್ಚಿತು. ಬಲಗೈ ಮೊಣಕೈವರೆಗೆ ಸುಟ್ಟಿತು.

ಆಸ್ಪತ್ರೆಗೆ ನಾನೊಮ್ಮೆ ಹೋದೆ. ವಾರ್ಡಿನ ಬಾಗಿಲಲ್ಲಿ ನಿಂತು, ಮಲಗಿದ್ದಾರೆ ಎಂದುಕೊಂಡು, ತಂದಿದ್ದ ಹಣ್ಣನ್ನು ನರ್ಸಿನ ಕೈಯಲ್ಲಿ ಕೊಟ್ಟು ಬಂದೆ. ಅವರು ಮಲಗಿರಲಿಲ್ಲ. ಕಣ್ಣು ತೆರೆದಿತ್ತು.

ವಿಚಾರಣೆ ಎಂದು ತಿಳಿದ ಮರುದಿನ, ಊಟದ ಬಿಡುವಿನಲ್ಲಿ, ಲ್ಯಾಬ್ ಖಾಲಿ ಇದ್ದಾಗ, ಪ್ರದರ್ಶನದ ನಂತರ ಅಲ್ಲಿಗೆ ಮರಳಿದ್ದ ಕಡತದ ಪಿನ್ ಬಿಚ್ಚಿ ಹನ್ನೊಂದು ಪುಟ ತೆಗೆದು ಚೀಲಕ್ಕೆ ಹಾಕಿದೆ. ಲ್ಯಾಬಿನ ಸರ್ವರಿನ ಪಾಸ್‌ವರ್ಡ್ ನನ್ನ ಬಳಿಯಿತ್ತು. ಅವರ ಫೋಲ್ಡರಿನಲ್ಲಿದ್ದ ವರದಿಯನ್ನೂ ಅಳಿಸಿದೆ. ಐದು ನಿಮಿಷದ ಕೆಲಸ. ಪುಟಗಳನ್ನು ಮಾತ್ರ ಹರಿಯಲಿಲ್ಲ. ಅದು ಒಳ್ಳೆಯತನವಲ್ಲ — ಅದರಲ್ಲಿದ್ದ ವಿದ್ಯೆ ಮುಂದೆ ನನಗೆ ಬೇಕಾಗಬಹುದು ಎಂದು ಆಗಲೇ ಹೊಳೆದಿತ್ತು.

ಸಮಿತಿಯ ಅಧ್ಯಕ್ಷರು ಕೇಳಿದರು, ಈ ಪರಿಸ್ಥಿತಿಯನ್ನು ಪರೀಕ್ಷಿಸಿರಲಿಲ್ಲವೇ ಎಂದು. ಪರೀಕ್ಷೆ ಲ್ಯಾಬಿನ ಹೊಣೆ ಎಂದೆ. ನನಗೆ ಯಾರೂ ತಿಳಿಸಿರಲಿಲ್ಲ ಎಂದೆ. ಗಂಗಾಧರಪ್ಪನವರನ್ನು ಒಳಗೆ ಕರೆದರು.

"ನಾನು ಪರೀಕ್ಷೆ ಮಾಡಿದ್ದೆ ಸರ್. ಈಗ್ಲೇ ಬೇಕಾದ್ರೆ ಓಡ್ಸಿ ತೋರಿಸ್ತೀನಿ."

ಎಲ್ಲರೂ ಲ್ಯಾಬಿಗೆ ಹೋದೆವು. ಅವರು ಕೂತು, ಅದೇ ಸೂಚನೆ ಕೊಟ್ಟು, ನೆನಪಿನಿಂದಲೇ ಒಂದು ಸೀಡ್ ಸಂಖ್ಯೆ ಹಾಕಿದರು. ಪರದೆಯ ಮೇಲೆ ಉರಿಯ ಗೆರೆ ಮೇಲೆದ್ದು ಹಾಗೇ ನಿಂತಿತು, ಬ್ಲೋವರಿನ ಗೆರೆ ಕೆಳಗೇ ಉಳಿಯಿತು. ಶೆಡ್ಡಿನಲ್ಲಿ ಆದದ್ದೇ ಅಲ್ಲಿ ಮತ್ತೆ ಆಯಿತು. ಅವರ ಮುಖದಲ್ಲಿ ಒಂದು ಕ್ಷಣ ನೆಮ್ಮದಿ ಕಂಡಿತು — ಸಾಬೀತಾಯಿತಲ್ಲ ಎಂಬ ನೆಮ್ಮದಿ. ಅದನ್ನು ನಾನು ಮರೆತಿಲ್ಲ.

ಅಧ್ಯಕ್ಷರು ಕನ್ನಡಕ ತೆಗೆದರು. "ಅಂದ್ರೆ ಈ ದೋಷ ನಿಮಗೆ ಮೊದ್ಲೇ ಗೊತ್ತಿತ್ತು?"

"ಗೊತ್ತಿತ್ತು ಸರ್. ಅದ್ಕೇ ಬರ್ದು ಕೊಟ್ಟಿದ್ದೆ. ಕಡತದಲ್ಲಿ ಐತೆ."

ಕಡತ ತೆರೆದರು. ಇರಲಿಲ್ಲ. ಫೋಲ್ಡರ್ ತೆರೆದರು. ಇರಲಿಲ್ಲ.

"ಮೇಡಂಗೆ ಗೊತ್ತು," ಎಂದು ಅವರು ನನ್ನ ಕಡೆ ತಿರುಗಿದರು. "ಮೇಡಂ, ನೀವೇ ಹೇಳಿ. ಇಟ್ಟೋಗಿ ಅಂದ್ರಲ್ಲ."

ಎಲ್ಲರೂ ನನ್ನನ್ನು ನೋಡಿದರು. ಒಂದು "ಹೌದು" ಸಾಕಿತ್ತು.

"ನನಗೆ ನೆನಪಿಲ್ಲ," ಎಂದೆ.

ಆ ದೋಷವನ್ನು ಹಿಡಿದ ಒಬ್ಬರೇ ಒಬ್ಬ ಮನುಷ್ಯ ಹೀಗೆ, ಅದನ್ನು ಹಿಡಿದದ್ದಕ್ಕಾಗಿಯೇ ತಪ್ಪಿತಸ್ಥರಾದರು. ಗೊತ್ತಿದ್ದೂ ತಿಳಿಸದ ನಿರ್ಲಕ್ಷ್ಯ ಎಂದು ಬರೆದರು. ಜೂನಿನಲ್ಲಿ ಅವರ ಕೆಲಸ ಮುಂದುವರಿಸಲಿಲ್ಲ. ಹೋಗುವ ದಿನ ಕಂದು ನೋಟ್‌ಬುಕ್ಕನ್ನು ಲ್ಯಾಬಿನಲ್ಲೇ ಬಿಟ್ಟರು — ಮುಂದೆ ಬರುವವರಿಗೆ ಬೇಕಾಗುತ್ತದೆ ಎಂದು. ಅದನ್ನು ತೆಗೆದುಕೊಂಡವಳೂ ನಾನೇ.

ನಂತರದ ವರ್ಷಗಳಲ್ಲಿ ನಾನು ವಿಭಾಗದ ಮುಖ್ಯಸ್ಥೆಯಾದೆ. ಹಾಸನ, ಮೈಸೂರು, ಮಂಗಳೂರಿನ ಕಾಲೇಜುಗಳು ಕಾರ್ಯಾಗಾರಕ್ಕೆ ಕರೆದವು. ನನ್ನ ವಿಷಯ ಯಾವುದು ಗೊತ್ತೇ — ಆ ಸಿಮ್ಯುಲೇಟರಿನಲ್ಲಿ ಹೆಚ್ಚು ಜನಕ್ಕೆ ತಿಳಿಯದ ಸೌಲಭ್ಯಗಳು. ಶೇಕಡಾ ಚಿಹ್ನೆಯ ಸಾಲುಗಳು, ಪರೀಕ್ಷೆಗಳ ಸಾಲು, ಓಟವನ್ನು ನಿಲ್ಲಿಸಿಡುವುದು, ಮನಬಂದ ಆರಂಭ. ಒಂದೊಂದಕ್ಕೂ ಚಪ್ಪಾಳೆ ಬೀಳುತ್ತಿತ್ತು. "ಸೊನ್ನೆಯಿಂದ ಏಳುತ್ತದೆ ಎಂದು ಎಂದೂ ನಂಬಬೇಡಿ" ಎಂದು ನಾನು ಮುಗಿಸುತ್ತಿದ್ದೆ. ನಾನು, ಹಾಗೆ ಹೇಳುತ್ತಿದ್ದೆ.

ಕಳೆದ ವರ್ಷ ನಮ್ಮಲ್ಲಿ ಇನ್ನೊಂದು ವಿಚಾರಣೆ ನಡೆಯಿತು. ಯಂತ್ರದ ಲ್ಯಾಬಿನಲ್ಲಿ ಸಣ್ಣ ಅವಘಡ, ಯಾರಿಗೂ ಪೆಟ್ಟಾಗಿರಲಿಲ್ಲ. ಸಮಿತಿಯಲ್ಲಿ ನಾನೂ ಇದ್ದೆ. ಎದುರಿಗೆ ಕೂತ ಇನ್‌ಸ್ಟ್ರಕ್ಟರ್ — ಇಪ್ಪತ್ತು ವರ್ಷ ಸೇವೆ ಮಾಡಿದ ಹೆಣ್ಣುಮಗಳು — "ನಾನು ಬಾಯಲ್ಲಿ ಹೇಳಿದ್ದೆ ಮೇಡಂ" ಎಂದರು. "ಬರಹದಲ್ಲಿ ಇದೆಯಾ?" ಎಂದು ನಾನು ಕೇಳಿದೆ. ಎಷ್ಟು ಸಹಜವಾಗಿ ಕೇಳಿದೆ! ಬರಹದಲ್ಲಿ ಇದ್ದದ್ದು ಏನಾಗುತ್ತದೆ ಎಂದು ಆ ಕೋಣೆಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಆ ವಾರದ ಕೊನೆಗೆ ಮಾದಾಪುರದ ಬಸ್ಸು ಹತ್ತಿದೆ.

ಬಸ್‌ಸ್ಟಾಪಿನ ಪಕ್ಕ ಗಂಗಾಧರಪ್ಪನವರದೊಂದು ರಿಪೇರಿ ಅಂಗಡಿ. ಮಿಕ್ಸಿ, ಪಂಪ್‌ಸೆಟ್ಟಿನ ಸ್ಟಾರ್ಟರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತರು — ಎದ್ದು ನಿಲ್ಲಬಾರದಿತ್ತು. ಹಿಂದಿನ ಮನೆಯಿಂದ ಅವರ ಹೆಂಡತಿ ಪಾರ್ವತಮ್ಮ ಕಾಫಿ ತಂದರು. ನಾನು ಲೋಟ ಮುಟ್ಟುವ ಮೊದಲೇ ಹೇಳಿಬಿಟ್ಟೆ. ಪುಟ ತೆಗೆದದ್ದು, ಫೋಲ್ಡರ್ ಅಳಿಸಿದ್ದು, ನೆನಪಿಲ್ಲ ಎಂದದ್ದು, ನೋಟ್‌ಬುಕ್ಕಿನಿಂದ ಹೆಸರು ಮಾಡಿದ್ದು — ಎಲ್ಲ.

ಮೊದಲು ಮಾತಾಡಿದ್ದು ಪಾರ್ವತಮ್ಮ. "ಅವತ್ತು ಇವ್ರು ಮನೆಗೆ ಬಂದು ಊಟಕ್ಕೆ ಕೂತ್ರು ಮೇಡಂ. ಅನ್ನ ಕಲಸ್ತಾನೇ ಇದ್ರು, ಕಲಸ್ತಾನೇ ಇದ್ರು. ತುತ್ತು ಬಾಯಿಗೆ ಹೋಗ್ಲಿಲ್ಲ." ಅಷ್ಟು ಹೇಳಿ ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಗಂಗಾಧರಪ್ಪನವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ನೇರ ಮಾಡಿಟ್ಟರು.

"ನಂಗ್ಯಾಕೆ ಹೇಳ್ತೀರಿ ಮೇಡಂ? ನಂಗೆ ಗೊತ್ತೇ ಇತ್ತಲ್ಲ. ಗೊತ್ತಿಲ್ದೋರು ಬೇರೆ ಅವ್ರೆ. ಅವ್ರಿಗೆ ಹೇಳಿ."

"ಕಾಲೇಜಿಗೆ ಬರೆದು ಕೊಡ್ತೀನಿ..."

"ಕಾಲೇಜು ಇರ್ಲಿ. ಆ ಪಳನಿ? ಅವ್ನು ಗುಂಡಿ ತಪ್ಪಾಗಿ ಒತ್ತಿದ್ದಕ್ಕೇ ಹಿಂಗಾಯ್ತು ಅಂತ ತೋಟದಲ್ಲಿ ಮಾತು. ನಾನು ಎರ್ಡು ಸಲ ಹೋಗಿ ಅಲ್ಲಪ್ಪಾ ಅಂತ ಹೇಳ್ಬಂದೆ. ಕೆಲ್ಸ ಕಳ್ಕೊಂಡೋನ ಮಾತು ಯಾರು ನಂಬ್ತಾರೆ?"

ನನಗೆ ಇದು ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಹೋಗಿರಲಿಲ್ಲ ಎನ್ನುವುದು ಸರಿ. ನನ್ನ ಸುಳ್ಳು ಒಬ್ಬರ ಮೇಲೆ ಬಿತ್ತು ಎಂದುಕೊಂಡಿದ್ದೆ, ಇಬ್ಬರು ಹೊತ್ತಿದ್ದರು. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಬೇಡವೆಂಬಂತೆ ಕೈ ಎತ್ತಿದರು. ಅವರು ನನ್ನನ್ನು ಕ್ಷಮಿಸಿಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಓದಿದವರು ಬೇರೆ ಅರ್ಥ ಮಾಡಿಕೊಳ್ಳಬಾರದೆಂದು.

ಸೋಮವಾರ ಪ್ರಿನ್ಸಿಪಾಲರಿಗೆ ಬರೆದುಕೊಟ್ಟೆ. ಗಂಗಾಧರಪ್ಪನವರ ವರದಿಯ ಆ ಹನ್ನೊಂದು ಪುಟಗಳನ್ನು ಜೊತೆಗಿಟ್ಟೆ. ಪ್ರಿನ್ಸಿಪಾಲರು ಹೊಸಬರು, ಒಳ್ಳೆಯವರು.

"ಮುಗ್ದು ಹೋದ ವಿಷ್ಯ ಮೇಡಂ, ಯಾಕೆ ಕೆದಕ್ತೀರಿ?"

"ಮುಗ್ದಿರೋದು ನನ್ನ ಪಾಲಿಗೆ ಮಾತ್ರ ಸರ್."

ವಿಚಾರಣೆ ಮತ್ತೆ ತೆರೆದಿದೆ. ವಿಭಾಗದ ಮುಖ್ಯಸ್ಥೆಯ ಹುದ್ದೆ ಬಿಟ್ಟಿದ್ದೇನೆ. ಕೆಲಸವೂ ಹೋಗಬಹುದು, ಹೋಗಲಿ. ಕಾರ್ಯಾಗಾರಕ್ಕೆ ಕರೆದಿದ್ದ ಪ್ರತಿ ಕಾಲೇಜಿಗೂ ಪತ್ರ ಬರೆದೆ: ಅಲ್ಲಿ ನಾನು ಕಲಿಸಿದ್ದು ಯಾರ ಓದಿನಿಂದ ಬಂದದ್ದು, ಅವರನ್ನು ನಾನೇನು ಮಾಡಿದೆ ಎಂದು. ಹೆಚ್ಚಿನವರು ಉತ್ತರಿಸಿಲ್ಲ. ಒಬ್ಬರು, ಇನ್ನು ಮುಂದೆ ಬರುವುದು ಬೇಡ ಎಂದರು. ಸರಿಯಾಗಿಯೇ ಹೇಳಿದರು.

ಹುದಿಕೇರಿಗೆ ಹೋದದ್ದು ಕೊನೆಗೆ. ಅದಕ್ಕೇ ಹೆಚ್ಚು ಹೆದರಿದ್ದೆ. ತೋಟದ ಯಜಮಾನರಾದ ಪೂವಯ್ಯನವರು ಪೂರ್ತಿ ಕೇಳಿಸಿಕೊಂಡು, "ಇದನ್ನ ಅವತ್ತೇ ಹೇಳ್ಬೇಕಿತ್ತು ಮೇಡಂ" ಎಂದಷ್ಟೇ ಹೇಳಿದರು. ಆಮೇಲೆ ಹಾಜರಿ, ಕೆಲಸ ಬರೆದುಕೊಳ್ಳುವ ರೈಟರನ್ನು ಕರೆಸಿ ನನ್ನ ಜೊತೆ ಕಳಿಸಿದರು. ಪಳನಿ ತಪ್ಪು ಗುಂಡಿ ಒತ್ತಿದ ಎಂದು ಮೊದಲು ಹೇಳಿದ್ದು ಆ ರೈಟರೇ.

ಪಳನಿ ಈಗ ನರ್ಸರಿಯಲ್ಲಿ ಕಾಫಿ ಗಿಡದ ಪಾಕೀಟುಗಳಿಗೆ ಮಣ್ಣು ತುಂಬುವ ಕೆಲಸದಲ್ಲಿದ್ದಾರೆ. ಎಡಗೈಯಲ್ಲಿ ತುಂಬುತ್ತಾರೆ, ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಚಿಪ್ಪು, ಬಿಟ್ಟು, ಸೀಡು — ಯಾವ ಮಾತೂ ಅಲ್ಲಿ ಬೇಕಾಗಲಿಲ್ಲ. ಪೆಟ್ಟಿಗೆ ಮಾಡಿದವಳು ನಾನು, ಅದರಲ್ಲಿ ತಪ್ಪಿತ್ತು, ಆ ತಪ್ಪು ನನಗೆ ಮೊದಲೇ ಗೊತ್ತಿತ್ತು, ಮುಚ್ಚಿಟ್ಟೆ ಎಂದೆ. ನೀವು ಯಾವ ಗುಂಡಿ ಒತ್ತಿದ್ದರೂ ಅದು ಆರುತ್ತಿರಲಿಲ್ಲ ಎಂದೆ.

ಅವರು ಕೈಯಲ್ಲಿದ್ದ ಪಾಕೀಟನ್ನು ಕೆಳಗಿಟ್ಟರು.

"ಹಂಗಾರೆ ನಾನ್ ಏನೂ ಮಾಡಿಲ್ವಾ?"

"ಇಲ್ಲ ಪಳನಿ. ನೀವೇನೂ ತಪ್ಪು ಮಾಡಿಲ್ಲ. ಬೆಂಕಿ ನಿಲ್ಸಿದ್ದು ನೀವು."

"ನಾನೇ ಏನೋ ತಪ್ಪಾಗಿ ಒತ್ಬಿಟ್ಟೆ ಅಂತಾನೇ... ಇಷ್ಟು ವರ್ಷ ಅದೇ ಯೋಚ್ನೆ ಮೇಡಂ." ಅವರು ರೈಟರ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಗಿಡಗಳ ಸಾಲಿನ ಆಚೆ ಕೆಲಸ ಮಾಡುತ್ತಿದ್ದ ಹೆಂಡತಿಯನ್ನು ತಮಿಳಿನಲ್ಲಿ ಕೂಗಿ ಕರೆದರು. ಆಕೆ ಕೈಯ ಮಣ್ಣು ಒರೆಸಿಕೊಳ್ಳುತ್ತ ಬಂದು ನಿಂತರು. ಅಕ್ಕಪಕ್ಕದಲ್ಲಿದ್ದ ನಾಲ್ಕಾರು ಹೆಂಗಸರೂ ಬಂದರು.

"ಇನ್ನೊಂದ್ ಸಲ ಹೇಳಿ ಮೇಡಂ," ಎಂದರು ಪಳನಿ. "ಇವ್ಳ ಮುಂದೆ ಹೇಳಿ."

ಮೊದಲಿನಿಂದ ಮತ್ತೆ ಹೇಳಿದೆ, ಒಂದು ಮಾತೂ ಬಿಡದೆ. ಧ್ವನಿ ನಡುಗಿತು, ನಿಲ್ಲಿಸಲಿಲ್ಲ. ಈಗ ನಿಮ್ಮ ಮುಂದೆ ಹೇಳಿದ್ದೇನೆ. ಯಾರು ಕೇಳಿದರೂ, ಎಷ್ಟು ಸಲ ಕೇಳಿದರೂ ಹೇಳುತ್ತೇನೆ.